ಮನೆ ಗೆದ್ದು ಮೈದಾನ ಗೆಲ್ಲು

ಕಳೆದ ಶ್ರಾವಣದ ಒಂದು ಸಾಯಂಕಾಲ. ಶಾಲೆ ಬಿಟ್ಟಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಶುದ್ಧಲೇಖನದ ವಹಿಗಳನ್ನು ತಿದ್ದುತ್ತಿದ್ದೆ. ಹುಡುಗರು ಆಡುತ್ತಿದ್ದ ಕಾಲ್ಚೆಂಡು ಉರುಳುತ್ತ ನೀರಿನ ಟಾಕಿಯ ಬಳಿಗೆ ಬಂದಿತು. ಅಲ್ಲಿ ನೀರು ಕುಡಿಯಲು ನಿಂತಿದ್ದ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಚಪ್ಪಲಿ ಕಳಚಿ ಬರಿಗಾಲಿನಿಂದ ಅದನ್ನು ಒದ್ದಳು. ಚೆಂಡು ಹುಡುಗರ ತಲೆಯ ಮೇಲಿಂದ ಹಾರಿ ಬೇವಿನ ಮರದ ಬುಡದಲ್ಲಿ ಬಿದ್ದಿತು. ಹುಡುಗರು ಬೆರಗಾಗಿ ನಿಂತರು. ಆಕೆ ನನ್ನ ಕಡೆ ತಿರುಗಿ ಕೇಳಿದಳು:

“ಅಕ್ಕೋರ, ನಾವೂ ಆಡಬೌದೇನ್ರಿ?”

“ಮೊದಲ ಸಂಧಿ ಸಮಾಸ ಕಲಿ, ಆಮ್ಯಾಲೆ ಚೆಂಡು” ಎಂದುಬಿಟ್ಟೆ. ಉಳಿದ ಹುಡುಗಿಯರು ನಕ್ಕರು. ಆಕೆ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೊರಟುಹೋದಳು.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ನಾನೂ ಏಳನೆಯ ಇಯತ್ತೆಯವರೆಗೆ ಖೋಖೋ ಆಡಿದವಳು. ಓಟದಲ್ಲಿ ನನ್ನನ್ನು ಮುಟ್ಟುವವರು ಇರಲಿಲ್ಲ. ಒಂದು ದಿನ ಅಜ್ಜಿ, “ಸಾಕವ್ವಾ, ಇನ್ನ ದೊಡ್ಡಾಕಿ ಆದಿ” ಎಂದಳು. ಅಷ್ಟೇ, ನನ್ನ ಆಟ ಮುಗಿಯಿತು. ದನದ ಕೊಟ್ಟಿಗೆಯಲ್ಲಿ ಕುಳಿತು ಅತ್ತಿದ್ದೆ. ಅಜ್ಜಿಯ ಮಾತನ್ನೇ ನಾನು ಈಗ ವ್ಯಾಕರಣದ ನೆಪ ಹೂಡಿ ಆಡಿದ್ದೆನಲ್ಲ!

ಮರುದಿನದಿಂದ ಹೆಣ್ಣುಮಕ್ಕಳ ಕಾಲ್ಚೆಂಡಾಟದ ಇತಿಹಾಸವನ್ನು ಹುಡುಕಿ ಓದತೊಡಗಿದೆ. ಓದಿದ್ದನ್ನು ನಿಮಗೂ ಹೇಳಬೇಕೆನಿಸಿದೆ.

ಇಂಗ್ಲೆಂಡಿನಲ್ಲಿ ಪ್ರೆಸ್ಟನ್ ಎಂಬ ಊರಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ, ಅಲ್ಲಿಯ ‘ಡಿಕ್ ಕೆರ್’ ಕಾರಖಾನೆಯಲ್ಲಿ ಹೆಂಗಸರು ಮದ್ದುಗುಂಡು ತಯಾರಿಸುವ ಕೆಲಸಕ್ಕೆ ಸೇರಿದರು. ವಿರಾಮದ ವೇಳೆಯಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತ ಒಂದು ತಂಡವನ್ನೇ ಕಟ್ಟಿದರು. 1917ರ ಕ್ರಿಸ್‌ಮಸ್ ದಿನ, ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹಣ ಕೂಡಿಸಲು ಅವರು ಆಡಿದ ಪಂದ್ಯವನ್ನು ಸುಮಾರು 10,000 ಜನ ನೋಡಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಅವರ ಆಟ ನೋಡಲು ಸೇರಿದವರು ಸುಮಾರು 53,000!

ಇಷ್ಟು ಜನಪ್ರಿಯತೆ ಕೆಲವರ ಕಣ್ಣಿಗೆ ಬಿದ್ದಿತು. 1921ರ ಡಿಸೆಂಬರ್ 5ರಂದು ಅಲ್ಲಿಯ ಕಾಲ್ಚೆಂಡಾಟ ಮಂಡಳಿಯು, ಈ ಆಟ ಹೆಂಗಸರಿಗೆ ತಕ್ಕದ್ದಲ್ಲವೆಂದು ಹೇಳಿ, ತನ್ನ ಸಂಘಗಳ ಮೈದಾನಗಳಲ್ಲಿ ಅವರಿಗೆ ಆಡಲು ಅವಕಾಶ ಕೊಡಬಾರದೆಂದು ಅಪ್ಪಣೆ ಹೊರಡಿಸಿತು. ಈ ನಿಷೇಧ ಸುಮಾರು 50 ವರ್ಷ ಉಳಿಯಿತು. ಆ ಹೆಣ್ಣುಮಕ್ಕಳು ಮಾತ್ರ ಸಿಕ್ಕ ಸಿಕ್ಕ ಬಯಲಿನಲ್ಲಿ ಆಡುತ್ತಲೇ ಹೋದರು. ಕೊನೆಗೆ 1965ರಲ್ಲಿ ಅವರ ಸಂಘ ಮುಚ್ಚಿತು. ನಿಷೇಧ ತೆರವಾದದ್ದು ಅದಾದ ಮೇಲೆ. ದೊಡ್ಡ ಮೈದಾನದ ಬಾಗಿಲು ಮತ್ತೆ ತೆರೆಯುವುದನ್ನು ಆ ಸಂಘ ಕಾಣಲಿಲ್ಲ.

ಇದನ್ನು ಓದಿದಾಗ ನನಗನ್ನಿಸಿತು: ಅಲ್ಲಿ ಬಾಗಿಲು ಮುಚ್ಚಲು ಒಂದು ಮಂಡಳಿಯ ಅಪ್ಪಣೆ ಬೇಕಾಯಿತು. ನಮ್ಮಲ್ಲಿ ಅಜ್ಜಿಯ ಒಂದು ಮಾತು ಸಾಕು, ಇಲ್ಲವೆ ಅಕ್ಕೋರ ಒಂದು ಚೇಷ್ಟೆ ಸಾಕು.

ನಮ್ಮ ದೇಶದ ಕಥೆಯೂ ಕಡಿಮೆಯದಲ್ಲ. 1975ರಲ್ಲಿ ಭಾರತದ ಮಹಿಳಾ ಕಾಲ್ಚೆಂಡಾಟ ಒಕ್ಕೂಟ ಸ್ಥಾಪನೆಯಾಯಿತು. ಐದೇ ವರ್ಷದಲ್ಲಿ, 1980ರಲ್ಲಿ, ಕೇರಳದ ಕೋಝಿಕ್ಕೋಡಿನಲ್ಲಿ ನಡೆದ ಏಷ್ಯಾ ಸ್ಪರ್ಧೆಯಲ್ಲಿ ನಮ್ಮ ಹೆಣ್ಣುಮಕ್ಕಳು ಎರಡನೆಯ ಸ್ಥಾನ ಪಡೆದರು.

ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಹರಿಯಾಣದ ಭಿವಾನಿ ಜಿಲ್ಲೆಯ ಅಲಖಪುರ. ಅದೂ ನಮ್ಮ ಬೆಳುಂಕಿಯಂತೆ ಒಕ್ಕಲುತನದ ಹಳ್ಳಿ. ಅಲ್ಲಿಯ ಸರಕಾರಿ ಶಾಲೆಯ ಗೋರ್ಧನ್ ದಾಸ್ ಎಂಬ ವ್ಯಾಯಾಮ ಶಿಕ್ಷಕರು ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದರು. ನಮಗೂ ಏನಾದರೂ ಕಲಿಸಿರೆಂದು ಹುಡುಗಿಯರು ಕೇಳಿದಾಗ ಅವರ ಕೈಗೆ ಒಂದು ಚೆಂಡು ಕೊಟ್ಟರು. ಆ ಶಾಲೆಯ ಹುಡುಗಿಯರು 2015 ಮತ್ತು 2016ರಲ್ಲಿ ಸುಬ್ರತೊ ಕಪ್ ಗೆದ್ದರು. ಅಲಖಪುರದ ಸಂಘ ಮಹಿಳೆಯರ ಮೊದಲ ರಾಷ್ಟ್ರೀಯ ಲೀಗಿನಲ್ಲಿಯೇ ಆಡಿತು. ಅದೇ ಹಳ್ಳಿಯ ಸಂಜು ಯಾದವ್ 2019–20ರ ಸಾಲಿನಲ್ಲಿ ದೇಶದ ವರ್ಷದ ಶ್ರೇಷ್ಠ ಆಟಗಾರ್ತಿ ಎನಿಸಿದಳು. ಅಲ್ಲಿಯ ಹುಡುಗಿಯರು ಕೇಳಿದ್ದೂ ನಮ್ಮ ಹುಡುಗಿ ಕೇಳಿದ ಪ್ರಶ್ನೆಯನ್ನೇ. ಆ ಗುರುಗಳು ಕೊಟ್ಟ ಉತ್ತರ ಮಾತ್ರ ಬೇರೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ಕೊಲ್ಹಾಪುರವನ್ನೇ ನೋಡಿರಿ. ಅಲ್ಲಿ ಪಾಟಾಕಡೀಲ, ಖಂಡೋಬಾ ಮುಂತಾದ ಕುಸ್ತಿಯ ತಾಲೀಮುಗಳೇ ಕಾಲ್ಚೆಂಡಿನ ಸಂಘಗಳನ್ನು ಬೆಳೆಸಿವೆ. ನಾನು ತರಬೇತಿಗೆಂದು ಆ ಊರಿನಲ್ಲಿದ್ದಾಗ ಶಾಹು ಕ್ರೀಡಾಂಗಣದ ಗದ್ದಲ ಬೀದಿಗೆ ಕೇಳುತ್ತಿತ್ತು, ಆಡುವವರೆಲ್ಲ ಗಂಡಸರು. ಮುಂದೆ ಅದೇ ಊರಿನ ‘ಎಫ್.ಸಿ. ಕೊಲ್ಹಾಪುರ ಸಿಟಿ’ ಸಂಘದ ಹೆಣ್ಣುಮಕ್ಕಳು ರಾಷ್ಟ್ರೀಯ ಲೀಗಿನಲ್ಲಿ ಆಡಿದರು. ಗಡಹಿಂಗ್ಲಜ ತಾಲೂಕಿನ ಬೇಕನಾಳದಂಥ ಸಣ್ಣ ಹಳ್ಳಿಯಿಂದ ಬಂದ ಅಂಜು ತುರಂಬೇಕರ ಅವರು ‘ಎ’ ಲೈಸೆನ್ಸ್ ಪಡೆದ ತರಬೇತುದಾರರಾದರು. ಇತ್ತ ಬೆಂಗಳೂರಿನ ‘ಕಿಕ್‌ಸ್ಟಾರ್ಟ್’ ಸಂಘದ ಮಹಿಳೆಯರು 2023ರಲ್ಲಿ ಅದೇ ಲೀಗಿನ ಅಂತಿಮ ಪಂದ್ಯದವರೆಗೆ ಹೋದರು. ಅಂತಿಮ ಪಂದ್ಯದಲ್ಲಿ ಕೇರಳದ ಗೋಕುಲಂ ತಂಡಕ್ಕೆ 5–0ರಿಂದ ಸೋತರು, ನಿಜ. ಆದರೆ ಸೋಲುವುದಕ್ಕೂ ಮೊದಲು ಮೈದಾನಕ್ಕೆ ಇಳಿಯಬೇಕಲ್ಲವೇ?

ಇಷ್ಟೆಲ್ಲ ಓದಿಕೊಂಡು ಒಂದು ರವಿವಾರ ಆ ಹುಡುಗಿಯ ಮನೆಗೆ ಹೋದೆ. ಆಕೆಯ ತಂದೆ ಕಂಬಳಿ ಹಾಸಿ ಕೂಡ್ರಿಸಿ, ವಿಷಯ ಕೇಳಿ, ತಲೆ ಕೆರೆದುಕೊಂಡರು. “ಅಕ್ಕೋರ, ನಾಳೆ ಕನ್ಯಾ ನೋಡಾಕ ಬಂದವ್ರು ಕಾಲಿನ ಗಾಯ ನೋಡಿ ಏನಂದಾರು?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿತ್ತು. “ಕಬ್ಬು ಕಡಿಯುವಾಗ ಆಗುವ ಗಾಯಕ್ಕೆ ಯಾರೂ ಏನೂ ಅನ್ನೂದಿಲ್ಲಲ್ಲಣ್ಣಾ?” ಎಂದೆ. ಅವರು ನಕ್ಕರು.

ತಾಯಿಯ ಪ್ರಶ್ನೆ ಮಾತ್ರ ಕಠಿಣವಾಗಿತ್ತು. “ಆಡ್ಲಿ ಬಿಡ್ರಿ, ನಂದೇನೂ ಬ್ಯಾಡ ಇಲ್ಲ. ಆದರ ನಾವು ಹೊಲದಿಂದ ಬರೂತನಕ ಸಣ್ಣಾವನ್ನ ಯಾರು ನೋಡ್ಬೇಕು? ನೀರು ಯಾರು ತರ್ಬೇಕು?”

ಇದಕ್ಕೆ ಯಾವ ಪುಸ್ತಕದಲ್ಲಿಯೂ ಉತ್ತರ ಇರಲಿಲ್ಲ. ಬಹಳ ಹೊತ್ತು ಕುಳಿತು ಮಾತಾಡಿದೆವು. ವಾರಕ್ಕೆ ಮೂರು ಸಂಜೆ ಮಾತ್ರ ಆಟ. ಆ ಮೂರು ದಿನ ನೀರು ತರುವ ಕೆಲಸ ಅಣ್ಣನದು. ತಮ್ಮ ಅಕ್ಕನ ಜೊತೆ ಮೈದಾನಕ್ಕೇ ಬರಬೇಕು. ಕತ್ತಲಾಗುವುದರೊಳಗೆ ಎಲ್ಲರೂ ಮನೆ ಸೇರಬೇಕು ಎಂದು ಗೊತ್ತಾಯಿತು. ಅಣ್ಣ ಮುಖ ಊದಿಸಿಕೊಂಡ. ಆದರೂ ಕೊಡ ಎತ್ತುತ್ತಿದ್ದಾನೆ.

‘ಮನೆ ಗೆದ್ದು ಮಾರು ಗೆಲ್ಲು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮೈದಾನದ ಆಟವೂ ಹಾಗೆಯೇ. ಹೆಣ್ಣುಮಗಳ ಮೊದಲನೆಯ ಪಂದ್ಯ ನಡೆಯುವುದು ಅಡಿಗೆಮನೆಯ ಹೊಸ್ತಿಲಲ್ಲಿ. ಅಲ್ಲಿ ಅವಳೊಬ್ಬಳೇ ಗೆಲ್ಲಲಾರಳು. ತಂದೆ, ತಾಯಿ, ಅಣ್ಣ, ಅಕ್ಕೋರು ಎಲ್ಲರೂ ಅವಳ ತಂಡದಲ್ಲಿ ಇರಬೇಕು.

ಈಗ ಸೋಮವಾರ, ಬುಧವಾರ, ಶುಕ್ರವಾರ ನಮ್ಮ ಬಯಲಿನಲ್ಲಿ ಹುಡುಗಿಯರು ಆಡುತ್ತಾರೆ. ಎರಡು ಕಲ್ಲುಗಳೇ ಗೋಲಿನ ಕಂಬ. ಆ ಪುಟ್ಟ ತಮ್ಮ ಬೇವಿನ ನೆರಳಲ್ಲಿ ಕುಳಿತು ಗೋಲು ಎಣಿಸುತ್ತಾನೆ. ಲೆಕ್ಕ ಸದಾ ಅಕ್ಕನ ಕಡೆಗೇ ಹೆಚ್ಚು. ಇದನ್ನು ಸಂಘವೆನ್ನಲು ಇನ್ನೂ ಬರುವುದಿಲ್ಲ. ಆ ಹುಡುಗಿಗೆ ಸಂಧಿ ಸಮಾಸವೂ ಇನ್ನೂ ಪೂರ್ತಿ ಬಂದಿಲ್ಲ. ಆದರೆ ಈಗ ಪಾಠಕ್ಕೆ ತಪ್ಪದೆ ಬರುತ್ತಾಳೆ, ಪ್ರಶ್ನೆ ಕೇಳಲು ಅಂಜುವುದಿಲ್ಲ.

ಪಾಲಕರೇ, ಒಂದು ತಂಡಕ್ಕೆ ಹನ್ನೊಂದು ಜನ ಬೇಕು. ನಮ್ಮಲ್ಲಿ ಈಗ ಒಂಬತ್ತು ಹುಡುಗಿಯರಿದ್ದಾರೆ. ಇನ್ನಿಬ್ಬರು ನಿಮ್ಮ ಮನೆಯಲ್ಲಿಯೇ ಇರಬಹುದು. ಇಂದು ಸಾಯಂಕಾಲ ಒಮ್ಮೆ ಕೇಳಿ ನೋಡಿರಿ.