ಮುಂದಿನ ಸೋಪಾನ

ನನಗೆ ಈಜು ಬರುತ್ತೆ ಅಂತ ಎಸ್ಸೆಸ್ಸೆಲ್ಸಿ ಮುಗಿಯೋ ತನಕ ನಂಬಿದ್ದೆ. ಸರ್ಟಿಫಿಕೇಟ್ ಕೂಡ ಇದೆ, ಅಮ್ಮ ಲ್ಯಾಮಿನೇಟ್ ಮಾಡಿಸಿ ಶೋಕೇಸಲ್ಲಿ ಇಟ್ಟಿದ್ದಾರೆ. ಮೈಸೂರಿನ ಒಂದು ಈಜುಕೊಳದ ಬೇಸಿಗೆ ಶಿಬಿರದಲ್ಲಿ ಕಲಿತದ್ದು. ನೀಲಿ ಟೈಲ್ಸ್, ಕ್ಲೋರಿನ್ ವಾಸನೆ, ಸುಸ್ತಾದ್ರೆ ಹಿಡ್ಕೊಳ್ಳೋಕೆ ಪಕ್ಕದಲ್ಲೇ ಕಂಬಿ. 25 ಮೀಟರ್‌ಗೆ ನನ್ನ ಬೆಸ್ಟ್ ಟೈಮ್ 28 ಸೆಕೆಂಡ್. ಈ ನಂಬರ್ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ನಮ್ಮ ನೆಂಟಸ್ತನವನ್ನ ಮ್ಯಾಪ್ ಮೇಲೆ ಹಾಕಿದ್ರೆ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕು ತುಂಬುತ್ತೆ. ಅಪ್ಪನ ಊರು ಪಾಂಡವಪುರದ ಕಡೆ, ವಿ.ಸಿ. ನಾಲೆಗೆ ಹತ್ತಿರ. ಅಮ್ಮನ ತವರು ನಾಗಮಂಗಲದ ಕಡೆ, ಅಲ್ಲಿ ಮಳೆ ಬಂದ್ರೆ ನೀರು, ಇಲ್ಲದಿದ್ರೆ ಬೋರ್‌ವೆಲ್. ಅತ್ತೆಯನ್ನ ಕೊಟ್ಟಿರೋದು ಕೆ.ಆರ್. ಪೇಟೆ ತಾಲ್ಲೂಕಿಗೆ, ಹೇಮಾವತಿ ದಂಡೆಯ ಹಳ್ಳಿಗೆ. ಶ್ರೀರಂಗಪಟ್ಟಣದಲ್ಲಿ ನೆಂಟರು ಯಾರೂ ಇಲ್ಲ, ಆದ್ರೆ ನಮ್ಮನೇಲಿ ಯಾರಿಗೆ ಏನೇ ಆದ್ರೂ, ಒಳ್ಳೇದೋ ಕೆಟ್ಟದ್ದೋ, ಎಲ್ಲರೂ ಸೇರೋದು ಅಲ್ಲೇ, ಹೊಳೆ ಹತ್ರ.

ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದೆ. ನಾಲೆಗೆ ನೀರು ಬಿಟ್ಟಿದ್ರು. ಚಿಕ್ಕಪ್ಪನ ಮಗ ಮತ್ತೆ ಅವನ ಗ್ಯಾಂಗು ಸೇತುವೆ ಮೇಲಿಂದ ಹಾರ್ತಿದ್ರು. ನಾನು ಹಾರಲಿಲ್ಲ, ಅಷ್ಟು ಬುದ್ಧಿ ಇತ್ತು. ಬಟ್ಟೆ ಒಗೆಯೋ ಸೋಪಾನದಿಂದ ಮೆಲ್ಲಗೆ ಇಳಿದು, ನಾಲ್ಕು ಕೈ ಹೊಡೆದು, ವಾಪಸ್ ತಿರುಗಿದೆ. ಸೋಪಾನ ಹತ್ರ ಬರಲೇ ಇಲ್ಲ. ಫ್ರೀಸ್ಟೈಲ್ ಹೊಡೀತಾನೇ ಇದ್ದೆ, ಕೋಚ್ ಹೇಳಿಕೊಟ್ಟ ಹಾಗೇ ಉಸಿರು ತಗೊಳ್ತಾನೇ ಇದ್ದೆ, ತಲೆ ಎತ್ತಿ ನೋಡಿದ್ರೆ ಸೋಪಾನ ಇನ್ನೂ ದೂರ ಹೋಗಿದೆ. ಪಕ್ಕಕ್ಕೆ ಹೋಗಿ ಕಾಂಕ್ರೀಟ್ ಇಳಿಜಾರು ಹಿಡ್ಕೊಳ್ಳೋಣ ಅಂದ್ರೆ ಬರೀ ಪಾಚಿ. ಕೈ ಊರಿದ್ರೆ ಜಾರುತ್ತೆ, ಕಾಲು ಊರಿದ್ರೆ ಜಾರುತ್ತೆ. ಹಳೇ ಮಣ್ಣಿನ ಏರಿ ಆಗಿದ್ರೆ ಹುಲ್ಲೋ ಬೇರೋ ಸಿಗ್ತಿತ್ತೇನೋ.

ಏರಿ ಮೇಲೆ ಚಿಕ್ಕಪ್ಪ ಓಡಿ ಬರ್ತಾ ಇದ್ರು. "ವಾಪಸ್ ಬರ್ಬ್ಯಾಡ ಕಣವ್ವಾ! ಮುಂದ್ಕೆ ಹೋಗು! ಮುಂದ್ಕೆ!" ಅಂತ ಕೂಗ್ತಿದ್ರು. ಮುಳುಗ್ತಾ ಇರೋಳಿಗೆ ಮುಂದಕ್ಕೆ ಹೋಗು ಅಂತಾರಲ್ಲ, ತಲೆ ಕೆಟ್ಟಿದೆಯಾ ಅನ್ನಿಸ್ತು. ಆದ್ರೆ ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ, ಹಾಗಾಗಿ ಮಾತು ಕೇಳಿದೆ. ಬಿಟ್ಟುಕೊಟ್ಟೆ. ನೀರೇ ತಗೊಂಡು ಹೋಯ್ತು. ಮುಂದಿನ ಸೋಪಾನದ ಹತ್ರ ಅವರು ಮೊದಲೇ ಹೋಗಿ ಟವೆಲ್ ಎಸೆಯೋಕೆ ನಿಂತಿದ್ರು.

ಹೊರಗೆ ಬಂದ ಮೇಲೆ ಬೈಯಲಿಲ್ಲ. "ಎಲ್ ಕಲ್ತೆ ಈಜ?" ಅಂತ ಕೇಳಿದ್ರು. ಹೇಳಿದೆ. "ಅದು ನಿಂತ ನೀರು" ಅಂದ್ರು, ಅಷ್ಟೇ.

ಇದು ಪಿಯುಸಿ ಫಿಸಿಕ್ಸ್ ಅಂತ ನನಗೆ ಗೊತ್ತಾಗಿದ್ದು ಒಂದು ವರ್ಷ ಆದ್ಮೇಲೆ. ನದಿ ದಾಟುವ ದೋಣಿಯ ವೆಕ್ಟರ್ ಲೆಕ್ಕ, ನೀವೆಲ್ಲರೂ ಸಿಇಟಿಗೆ ಗಟ್ಟು ಹೊಡೆದಿರ್ತೀರ. ದೋಣಿಯ ವೇಗ ನೀರಿನ ವೇಗಕ್ಕಿಂತ ಕಡಿಮೆ ಇದ್ರೆ ಎದುರು ದಡದ ನೇರ ಬಿಂದುವಿಗೆ ತಲುಪೋಕೆ ಸಾಧ್ಯವೇ ಇಲ್ಲ. ಬೇಗ ದಡ ಸೇರಬೇಕಾದ್ರೆ ದಡಕ್ಕೆ ನೇರವಾಗಿ ತಿರುಗಿ ಈಜಬೇಕು, ನೀರು ಎಷ್ಟು ಕೆಳಗೆ ಒಯ್ಯುತ್ತೋ ಒಯ್ಯಲಿ ಅಂತ ಬಿಡಬೇಕು. ಪಿಯುಸಿ ರಜೆಯಲ್ಲಿ ನಾನೂ ತಮ್ಮನೂ ನಾಲೆ ಏರಿ ಮೇಲೆ 20 ಮೀಟರ್ ಅಳೆದು, ಒಣ ತೆಂಗಿನಕಾಯಿ ಎಸೆದು, ಫೋನಲ್ಲಿ ಟೈಮ್ ನೋಡಿದ್ವಿ. 16 ಸೆಕೆಂಡ್. ಅಂದ್ರೆ ಸೆಕೆಂಡಿಗೆ 1.25 ಮೀಟರ್. ನನ್ನ ಸರ್ಟಿಫಿಕೇಟ್ ವೇಗ, 25 ಭಾಗಿಸು 28, ಸುಮಾರು 0.9. ಅಂದ್ರೆ ಆವತ್ತು ನಾನು ಪ್ರಾಣ ಬಿಟ್ಟು ಈಜುತ್ತಾ ಸೆಕೆಂಡಿಗೆ ಒಂದಡಿ ಹಿಂದಕ್ಕೆ ಹೋಗ್ತಿದ್ದೆ. 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರ್‌ಗೆ 46.40 ಸೆಕೆಂಡ್ ತಗೊಂಡು ವಿಶ್ವದಾಖಲೆ ಮಾಡಿದ, ಸೆಕೆಂಡಿಗೆ ಸುಮಾರು 2.15 ಮೀಟರ್. ಅವನು ಬಂದಿದ್ರೆ ನಮ್ಮೂರ ಸೋಪಾನಕ್ಕೆ ವಾಪಸ್ ಹೋಗ್ತಿದ್ದ. ಅದೂ ಒಂದು ನಿಮಿಷದೊಳಗೆ ಹೋಗಬೇಕಿತ್ತು, ಆಮೇಲೆ ಅವನಿಗೂ ಸುಸ್ತೇ. ಅದೇ ನಾನು ಎಂಟು ಮೀಟರ್ ದೂರದ ದಡಕ್ಕೆ ನೇರವಾಗಿ ತಿರುಗಿದ್ರೆ ಒಂಬತ್ತು ಸೆಕೆಂಡ್ ಸಾಕಿತ್ತು, ಅಷ್ಟರಲ್ಲಿ ಹನ್ನೊಂದು ಹನ್ನೆರಡು ಮೀಟರ್ ಕೆಳಗೆ ಹೋಗಿರ್ತಿದ್ದೆ. ಲೆಕ್ಕದಲ್ಲಿ ಇಷ್ಟು ಸುಲಭ.

ಚಿಕ್ಕಪ್ಪ ಮಕ್ಕಳಿಗೆ ಈಜು ಕಲಿಸೋಕೆ ಶುರು ಮಾಡಿದ್ದು 2018ರ ನಂತರ. ಆ ವರ್ಷ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದ್ರು, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ರು. ಅವತ್ತೇ ರಾತ್ರಿ ಅಂಬರೀಶ್ ಕೂಡ ತೀರಿಕೊಂಡ್ರು. ಮಂಡ್ಯದೋರು ಆ ದಿನದ ಬಗ್ಗೆ ಮಾತಾಡುವಾಗ ಎರಡನ್ನೂ ಒಟ್ಟಿಗೇ ಹೇಳ್ತಾರೆ. ನಾನಾಗ ಏಳನೇ ಕ್ಲಾಸು, ಟಿವಿ ಆಫ್ ಮಾಡು ಅಂತ ಅಪ್ಪ ಅಂದಿದ್ದು ನೆನಪಿದೆ. ಮುಳುಗಿದ ಬಸ್ಸಿನ ಒಳಗೆ ಸಿಕ್ಕಿಕೊಂಡವರಿಗೆ ಈಜು ಬಂದಿದ್ರೆ ಉಳೀತಿದ್ರು ಅಂತ ಹೇಳೋದು ತಪ್ಪು, ಚಿಕ್ಕಪ್ಪನೂ ಹಾಗೆ ಯಾವತ್ತೂ ಹೇಳಿಲ್ಲ. ಆದ್ರೆ ಅದಾದ ಮೇಲೆ ಊರಲ್ಲಿ ನಾಲೆ ಅಂದ್ರೇ ಹೆದರಿಕೆ. ಮಕ್ಕಳು ಆ ಕಡೆ ತಿರುಗಿ ನೋಡಂಗಿಲ್ಲ ಅಂತ ಎಲ್ಲರ ಮನೇಲೂ ಆರ್ಡರ್. ಮಕ್ಕಳು ಹೋಗೋದು ಬಿಟ್ರಾ? ಕದ್ದು ಹೋದ್ರು. ಮೊದಲು ಯಾರಾದ್ರೂ ದೊಡ್ಡೋರು ನೋಡ್ತಿದ್ರು, ಈಗ ಅದೂ ಇಲ್ಲ. ಇದನ್ನ ನೋಡಿ ಚಿಕ್ಕಪ್ಪ, ಕದ್ದು ಹೋಗೋದು ಬೇಡ, ನನ್ ಜೊತೇಲೇ ಬನ್ರಲಾ ಅಂದ್ರು.

ದೊಡ್ಡ ನಾಲೆಗೆ ಇಳಿಸಲ್ಲ. ಗದ್ದೆ ಪಕ್ಕದ ಸೀಳುನಾಲೆ, ಹತ್ತು ವರ್ಷದ ಹುಡುಗನಿಗೆ ಸೊಂಟದ ಮಟ್ಟ, ಆದ್ರೆ ನೀರಿಗೆ ಓಟ ಇದೆ. ಕೆಳಗಡೆ ಅಡ್ಡಕ್ಕೆ ಹಗ್ಗ ಕಟ್ಟಿ, ಅದಕ್ಕೆ ಮುಚ್ಚಳ ಬಿಗಿದ ಖಾಲಿ ಕ್ಯಾನುಗಳನ್ನ ತೇಲಿ ಬಿಟ್ಟಿರ್ತಾರೆ. ಅಲ್ಲಿ ಇಬ್ಬರು ದೊಡ್ಡ ಹುಡುಗರು ನಿಂತಿರಬೇಕು. ಮೊದಲ ದಿನ ಯಾರನ್ನೂ ನೀರಿಗೆ ಬಿಡಲ್ಲ, ಮಕ್ಕಳಿಗೆ ಇದೇ ಬೇಜಾರು. ಏರಿ ಮೇಲೆ ನಡೆಸ್ತಾರೆ. "ಈಜೋದು ಆಮ್ಯಾಕೆ. ಮೊದ್ಲು ಎಲ್ ಹತ್ತೀಯ, ಅದ್ ಹೇಳು." ಪ್ರತಿ ಮಗುವೂ ಹತ್ತೋ ಜಾಗ ತೋರಿಸಬೇಕು, ಅದು ತಪ್ಪಿದ್ರೆ ಅದರ ಮುಂದಿನದ್ದು ತೋರಿಸಬೇಕು. ಎರಡನೇ ದಿನ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ತೇಲೋದು. ಏನಾದ್ರೂ ಅಡ್ಡ ಬಂದ್ರೆ ಕಾಲಿಗೆ ತಗುಲಲಿ, ತಲೆಗೆ ಬೇಡ ಅಂತ. ಕೈ ಹೊಡೆಯೋದು, ಕಾಲು ಬಡಿಯೋದು, ನಾನು ದುಡ್ಡು ಕೊಟ್ಟು ಕಲಿತದ್ದೆಲ್ಲ ಅವರ ಹತ್ರ ಬರೋದು ಎರಡನೇ ವಾರ.

ನಾಗಮಂಗಲದ ನಮ್ಮ ಮಾವ ಇದನ್ನ ಕೇಳಿ ನಕ್ಕಿದ್ರು. ಅವರು ಬಾವಿ ಈಜುಗಾರ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅವರಪ್ಪ ತಳ್ಳಿದ್ರಂತೆ, ವಾರದಲ್ಲಿ ಬುರುಡೆ ಬಿಚ್ಚಿದ್ರಂತೆ. ಪಂಪ್‌ಹೌಸ್ ಮೇಲಿಂದ ಪಲ್ಟಿ ಹೊಡೆದು ತಳದಿಂದ ಮಣ್ಣು ತರೋ ಮನುಷ್ಯ. ಆ ಬಾವಿಯಲ್ಲಿ ಈಗ ನೀರಿಲ್ಲ ಅನ್ನೋದು ಬೇರೆ ಮಾತು. ಇಂಥ ಮಾವ ಶ್ರೀರಂಗಪಟ್ಟಣದ ಸಂಗಮಕ್ಕೆ ಬಂದಾಗ ಮೆಟ್ಟಿಲ ಮೇಲೆ ಕೂತು ಚೊಂಬಲ್ಲಿ ನೀರು ಹುಯ್ದುಕೊಳ್ತಾರೆ. ಯಾಕೆ ಮಾವ ಅಂದ್ರೆ, "ಬಾವಿ ನಿಂತಲ್ಲೇ ನಿಂತಿರ್ತದೆ ಕಣಮ್ಮ, ಇದು ಹಂಗಲ್ಲ" ಅಂತಾರೆ. ನನಗಿಂತ ಬುದ್ಧಿವಂತರು.

ಕೆ.ಆರ್. ಪೇಟೆ ಅತ್ತೆಯ ಮಾವ ಒಂದು ಕಾಲದಲ್ಲಿ ತೆಪ್ಪ ಹಾಕ್ತಿದ್ದೋರು. ಆ ಸೀಮೆಗೆ ತೆಪ್ಪ ಹೊಸದಲ್ಲ, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಸೇರೋ ಜಾಗದ ಹಳ್ಳಿಗೆ ಹೆಸರೇ ಅಂಬಿಗರಹಳ್ಳಿ. ದಾಟೋ ಮುಂಚೆ ತೆಪ್ಪವನ್ನ ದಡದ ಗುಂಟ ಮೇಲಕ್ಕೆ ಎಳ್ಕೊಂಡು ಹೋಗಿ, ಅಲ್ಲಿಂದ ಬಿಡ್ತಿದ್ರಂತೆ, ಹೊಳೆ ಅದನ್ನ ಓರೆಯಾಗಿ ತಂದು ಸರಿಯಾದ ಕಡೆ ಮುಟ್ಟಿಸ್ತಿತ್ತಂತೆ. ತಾತ ವೆಕ್ಟರ್ ಓದಿಲ್ಲ. ಮಗುಚಿಕೊಂಡ್ರೆ ಏನು ಮಾಡ್ತಿದ್ರಿ ತಾತ ಅಂತ ಕೇಳಿದೆ. "ತೆಪ್ಪ ಬಿಟ್ಟೋನು ಕೆಟ್ಟ" ಅಂದ್ರು. ಮಗುಚಿದ್ರೂ ಅದು ತೇಲುತ್ತೆ, ತೇಲೋದನ್ನ ಹಿಡ್ಕೊಂಡೇ ಇರಬೇಕು.

ಇದೇ ಮಾತನ್ನ ಹೋದ ಡಿಸೆಂಬರಲ್ಲಿ ಮುಲ್ಕಿಯಲ್ಲಿ ಇಂಗ್ಲಿಷಲ್ಲಿ ಕೇಳಿದೆ. ಕ್ಲಾಸಿನೋರು ಟ್ರಿಪ್ ಹೋಗಿದ್ವಿ, ಐದು ಜನ ಸರ್ಫಿಂಗ್ ಕ್ಲಾಸಿಗೆ ಸೇರಿದ್ವಿ. ಮೊದಲ ಅರ್ಧ ಗಂಟೆ ಮರಳ ಮೇಲೇ. ಬೀಳೋದು ಹೇಗೆ ಅಂತ ಕಲಿಸಿದ್ರು: ತಲೆ ಮುಂದಾಗಿ ಬೀಳಬೇಡಿ, ಚಪ್ಪಟೆಯಾಗಿ ಬೀಳಿ, ಮೇಲೆ ಬರುವಾಗ ಕೈಯಿಂದ ತಲೆ ಮುಚ್ಕೊಳ್ಳಿ. ಕಾಲಿಗೆ ಹಗ್ಗ ಕಟ್ಟಿ, ಏನೇ ಆದ್ರೂ ಬೋರ್ಡ್ ಬಿಟ್ಟು ಈಜಬೇಡಿ ಅಂದ್ರು. ಹಾಯಿ ಕಟ್ಟಿದ ಬೋರ್ಡ್ ಮೇಲೆ ಹೋಗೋ ವಿಂಡ್‌ಸರ್ಫಿಂಗ್ ಮಕ್ಕಳಿಗೂ ಮೊದಲ ಪಾಠ ಇದೇ ಅಂತೆ, ಗಾಳಿ ಬಿದ್ದು ಹೋದ್ರೂ ಹಾಯಿ ಮುರಿದ್ರೂ ಬೋರ್ಡೇ ನಿಮ್ಮ ದೋಣಿ. ಸಮುದ್ರದ ಸೆಳೆತ ಒಳಗೆ ಎಳೆದ್ರೆ ದಡದ ಕಡೆ ಎದುರೀಜು ಬೇಡ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ ಸೆಳೆತದಿಂದ ಹೊರಗೆ ಬನ್ನಿ ಅಂದ್ರು. ಫ್ರೆಂಡ್ಸ್ ಎಲ್ಲ ಬೋರ್ ಹೊಡೆದು ಫೋಟೋ ತೆಗೀತಿದ್ರು. ನನಗೆ ಚಿಕ್ಕಪ್ಪ ಬರ್ಮುಡಾ ಹಾಕ್ಕೊಂಡು ನಿಂತ ಹಾಗೆ ಕಾಣ್ತಿತ್ತು.

ಆದ್ರೆ ಇವರ್ಯಾರ ಪಾಠವೂ ಕೆಲಸ ಮಾಡದ ಒಂದು ಜಾಗ ಇದೆ, ಅದನ್ನ ನಾನು ನೋಡಿದ್ದು ನಮ್ಮ ಸಿವಿಲ್ ಬ್ಲಾಕಿನ ಲ್ಯಾಬಲ್ಲಿ. ಹೈಡ್ರಾಲಿಕ್ ಜಂಪ್ ಪ್ರಯೋಗ. ಫ್ಲೂಮಲ್ಲಿ ಸಣ್ಣ ತಡೆಗೋಡೆ, ಅದರ ಮೇಲಿಂದ ನೀರು ಇಳಿದು ಕೆಳಗೆ ನೊರೆ ನೊರೆಯಾಗಿ ಸುತ್ತುತ್ತೆ. ಯಾರೋ ಥರ್ಮೋಕೋಲ್ ಚೂರು ಹಾಕಿದ್ರು. ಅದು ಮುಂದೆ ಹೋಗಲಿಲ್ಲ. ಗೋಡೆ ಕಡೆಗೇ ವಾಪಸ್ ಬಂತು, ಮುಳುಗ್ತು, ಎದ್ದಿತು, ಮತ್ತೆ ಗೋಡೆಗೆ ಬಂತು. ನಾವು ರೀಡಿಂಗ್ ಬರೆದು ಮುಗಿಸುವ ತನಕ ಅಲ್ಲೇ ಸುತ್ತುತ್ತಾ ಇತ್ತು. ಎಲ್ಲರೂ ನಗ್ತಿದ್ರು. ನನಗೆ ಬಲಮುರಿ ನೆನಪಾಯ್ತು. ಶ್ರೀರಂಗಪಟ್ಟಣ ತಾಲ್ಲೂಕಿನ ಆ ಕಟ್ಟೆಯನ್ನ ನೀವು ಸಿನಿಮಾ ಹಾಡುಗಳಲ್ಲಿ ನೋಡಿರ್ತೀರ, ನಮ್ಮ ಕಾಲೇಜಿನ ಅರ್ಧ ಜನ ಬೈಕಲ್ಲಿ ಹೋಗಿಯೂ ಇರ್ತೀರ. ಗೋಡೆ ಎತ್ತರ ಇಲ್ಲ, ನೀರು ಪರದೆ ಥರ ಇಳಿಯುತ್ತೆ, ಕೆಳಗೆ ನಿಂತ್ಕೊಂಡು ರೀಲ್ಸ್ ಮಾಡ್ತೀವಿ. ಹೊಳೆಯಲ್ಲಿ ನೀರು ಜಾಸ್ತಿ ಇರುವ ದಿನ ಅಂಥ ಯಾವ ಕಟ್ಟೆಯ ಬುಡದಲ್ಲೂ ಆ ಥರ್ಮೋಕೋಲ್ ನಾವೇ. ಮುಂದಕ್ಕೆ ಹೋಗು ಅಂದ್ರೂ ನೀರು ಮುಂದಕ್ಕೆ ಬಿಡಲ್ಲ. ಚಿಕ್ಕಪ್ಪನಿಗೆ ಫೋನಲ್ಲಿ ವಿಡಿಯೋ ತೋರಿಸಿದೆ. ಎರಡು ಸಲ ನೋಡಿ, "ಅದಕ್ಕೇ ಕಟ್ಟೆ ಕೆಳಗೆ ಇಳೀಬ್ಯಾಡಿ ಅನ್ನೋದು. ಯಾಕೆ ಅಂತ ನಂಗೂ ಗೊತ್ತಿರ್ಲಿಲ್ಲ" ಅಂದ್ರು. ಎಂಜಿನಿಯರಿಂಗ್ ಸೇರಿದ ಮೇಲೆ ನನ್ನಿಂದ ಮನೆಯೋರಿಗೆ ಆದ ಮೊದಲ ಉಪಯೋಗ ಇದು.

ಎರಡನೇದು ಹೋದ ಬೇಸಿಗೆಯಲ್ಲಿ. ಚಿಕ್ಕಪ್ಪನ ಸೀಳುನಾಲೆಯಲ್ಲಿ ಎಲ್ಲಾ ಹುಡುಗರೇ. ಹೆಣ್ಣುಮಕ್ಕಳು ಎಂಟು ಒಂಬತ್ತು ವರ್ಷದ ತನಕ ಬರ್ತಾರೆ, ಆಮೇಲೆ ಕಳಿಸಲ್ಲ. ಅವರು ಕಲಿಸೋ ಹಾಗೂ ಇಲ್ಲ, ಊರು ಸುಮ್ಮನಿರಲ್ಲ. ಆದ್ರೆ ನಾಲೆಗೆ ದಿನಾ ಹೋಗೋರು ಯಾರು? ಬಟ್ಟೆ ಒಗೆಯೋರು. ಪಾಚಿ ಕಟ್ಟಿದ ಕೊನೇ ಮೆಟ್ಟಿಲ ಮೇಲೆ ನಿಂತು ಬೆಡ್‌ಶೀಟ್ ಹಿಂಡೋರು. ಹಾರೋ ಹುಡುಗರಿಗೆ ಈಜು ಬರುತ್ತೆ, ಜಾರೋ ಹೆಂಗಸರಿಗೆ ಬರಲ್ಲ. ನಮ್ಮ ಪುಟ್ಟಿಗೆ, ಚಿಕ್ಕಪ್ಪನ ಮಗಳಿಗೆ, ಹದಿಮೂರು. ಅಣ್ಣನಿಗೆ ಬರುತ್ತೆ, ಅವಳಿಗೆ ಬರಲ್ಲ, ಅಪ್ಪನೇ ಮೇಷ್ಟ್ರು.

ನಾನು ಕಲಿಸ್ತೀನಿ ಅಂದೆ. ಅಜ್ಜಿ ಮೂರು ದಿನ ಮಾತು ಬಿಟ್ಟರು. ಬೆಳಿಗ್ಗೆ ಆರಕ್ಕೆ, ಹುಡುಗರು ಏಳೋ ಮುಂಚೆ, ಐದು ಜನ ಹುಡುಗೀರು. ಹಗ್ಗದ ಹತ್ರ ಹುಡುಗರ ಬದಲು ಚಿಕ್ಕಮ್ಮ ಮತ್ತೆ ಪಕ್ಕದ ಮನೆ ಅಕ್ಕ. ಡ್ರೆಸ್ ಏನು ಅಂತ ಕೇಳಿದ್ರು. ಸ್ವಿಮ್ಮಿಂಗ್ ಕಾಸ್ಟ್ಯೂಮ್ ಅಂದಿದ್ರೆ ಕ್ಲಾಸು ಅಲ್ಲಿಗೇ ಮುಗೀತಿತ್ತು, ಅದೂ ಅಲ್ಲದೆ ನಾಲೆಗೆ ಬೀಳೋರು ಕಾಸ್ಟ್ಯೂಮ್ ಹಾಕ್ಕೊಂಡು ಬೀಳಲ್ಲ. ದಿನಾ ಹಾಕೋ ಚೂಡಿದಾರಲ್ಲೇ ಇಳಿಸಿದೆ. ನೆಂದ ಬಟ್ಟೆ ಎಷ್ಟು ಎಳೆಯುತ್ತೆ ಅಂತ ನನಗೂ ಆವತ್ತೇ ಗೊತ್ತಾಗಿದ್ದು. ದುಪ್ಪಟ್ಟಾ ಮೊದಲು ಕಿತ್ತು ಬಿಸಾಕಬೇಕು ಅನ್ನೋದನ್ನೂ ಅಭ್ಯಾಸ ಮಾಡಿಸಬೇಕಾಯ್ತು, ಪುಟ್ಟಿಗೆ ಅದೇ ಕಷ್ಟ ಆಗಿದ್ದು, ನಾಚಿಕೆ. ಇನ್ನೊಂದು ಪಾಠವನ್ನ ದಿನಾ ಹೇಳಿಸಿದೆ: ಯಾರಾದ್ರೂ ಮುಳುಗ್ತಿದ್ರೆ ನೀನು ಹಾರಬೇಡ, ಕೂಗು, ಏನಾದ್ರೂ ಎಸೆ. ಸೀರೆ, ಹಗ್ಗ, ಖಾಲಿ ಕ್ಯಾನು, ಏನಿದ್ಯೋ ಅದು. ಪೇಪರಲ್ಲಿ ಒಬ್ಬರನ್ನ ಉಳಿಸೋಕೆ ಹೋಗಿ ಮೂರು ಜನ ಅಂತ ಓದ್ತೀವಲ್ಲ, ಅದಕ್ಕೆ.

ಹನ್ನೆರಡನೇ ದಿನ ಪುಟ್ಟಿ ಮೇಲಿನ ತೂಬಿನ ಹತ್ರ ಇಳಿದು, ಅಂಗಾತ ತೇಲಿ ಬಂದು, ಮೊದಲ ಮೆಟ್ಟಿಲು ಸಿಗದೇ ದಾಟಿ ಹೋದಳು. ನನ್ನ ಎದೆ ನಿಂತು ಹೋಯ್ತು. ಅವಳು ತಿರುಗಿ ನೋಡಲೇ ಇಲ್ಲ. ಓರೆಯಾಗಿ ದಡಕ್ಕೆ ಬಂದು, ಎರಡನೇ ಮೆಟ್ಟಿಲು ಹಿಡ್ಕೊಂಡು ಹತ್ತಿ, ಕೂದಲು ಹಿಂಡ್ತಾ ನಿಂತಳು.

ಅಜ್ಜಿ ಏರಿ ಮೇಲಿದ್ರು, ಯಾವಾಗ ಬಂದ್ರೋ ನಾವು ನೋಡಿರಲಿಲ್ಲ. ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಎರಡು ಹಳೇ ಸೀರೆಯನ್ನ ಜಡೆ ಥರ ಹೆಣೆದು, ತುದಿಗೆ ಗಂಟು ಹಾಕಿ ತಂದು ಕೊಟ್ರು. "ಆ ಹಗ್ಗ ಒದ್ದೆ ಆದ್ರೆ ಕೈ ಕುಯ್ತದೆ, ಇದ್ ಎಸೀರಿ."