ಟ್ರಿಂಕೋಮಲಿಯಿಂದ ಭಾಲ್ಕಿಗೆ

ಟ್ರಿಂಕೋಮಲಿ, ಶ್ರೀಲಂಕಾ
ಮಾರ್ಚ್ 1990

ಪ್ರೀತಿಯ ತಮ್ಮನಿಗೆ ಅಣ್ಣನ ಆಶೀರ್ವಾದ.

  56 ಎ.ಪಿ.ಓ. ವಿಳಾಸಕ್ಕೆ ನೀನು ಹಾಕಿದ ಪತ್ರ ಮುಟ್ಟಿತು. ಯುಗಾದಿಗೆ ಬರುತ್ತಾನೋ ಇಲ್ಲವೋ ಎಂದು ಅವ್ವ ದಿನಾ ಕೇಳುತ್ತಾಳೆಂದು ಬರೆದಿದ್ದೀ. ಹಬ್ಬ 27ಕ್ಕೆ. ಅಷ್ಟರೊಳಗೆ ನಾವೆಲ್ಲ ಈ ದ್ವೀಪ ಬಿಟ್ಟಿರುತ್ತೇವೆ ಎಂಬ ಮಾತಿದೆ. ಆದರೆ ಹಡಗು ಮದ್ರಾಸು ಮುಟ್ಟಿ, ರಜೆ ಮಂಜೂರಾಗಿ, ಹೈದರಾಬಾದಿನಿಂದ ಜಹೀರಾಬಾದ್ ಮೇಲೆ ಬೀದರಿಗೆ ಬರುವ ಹೊತ್ತಿಗೆ ಹಬ್ಬ ದಾಟಿರುತ್ತದೆ. ಅವ್ವನಿಗೆ ಈಗಲೇ ಹೇಳಿಬಿಡು, ಆಸೆ ಹಚ್ಚಿ ಕೂಡ್ರಿಸಬೇಡ.

ಸಮುದ್ರ ಕಾಣದ ನಮ್ಮ ಸೀಮೆಯವರು ಈ ಬಂದರನ್ನು ನೋಡಬೇಕು. ಕಡಲಿಗೆ ಚಾಚಿದ ಬಂಡೆಯ ತುದಿಗೆ ಕೋಣೇಶ್ವರನ ಗುಡಿ. ಹಳೆಯ ಗುಡಿಯನ್ನು ಪೋರ್ಚುಗೀಸರು 17ನೇ ಶತಮಾನದಲ್ಲಿ ಕೆಡವಿ, ಅದೇ ಕಲ್ಲಿನಿಂದ ಕೆಳಗೆ ಕೋಟೆ ಕಟ್ಟಿದರಂತೆ. ನೆಲದಲ್ಲಿ ಹೂತಿದ್ದ ಮೂರ್ತಿಗಳು 1950ರಲ್ಲಿ ಸಿಕ್ಕವು, ಊರವರು ಗುಡಿಯನ್ನು ಮತ್ತೆ ಎಬ್ಬಿಸಿದರು. ಈಗ ಆ ಫ್ರೆಡರಿಕ್ ಕೋಟೆಯೊಳಗೆ ಚುಕ್ಕೆ ಜಿಂಕೆಗಳು ಭಯವಿಲ್ಲದೆ ಮೇಯುತ್ತವೆ. ಬಿಡುವಾದಾಗ ಅಲ್ಲಿಗೆ ಹೋಗಿ ಕೂಡುತ್ತೇನೆ.

1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದ ಪ್ರಕಾರ ಶಾಂತಿ ಕಾಯಲು ಬಂದ ನಮ್ಮ ಪಡೆ ಅಕ್ಟೋಬರಿಗೆ ಜಾಫ್ನಾದ ಓಣಿಗಳಲ್ಲಿ ಹೋರಾಡಬೇಕಾಯಿತು. ಸಾವಿರಕ್ಕೂ ಹೆಚ್ಚು ನಮ್ಮವರು ತೀರಿಕೊಂಡರು. ಅರ್ಧ ಕುಸಿದ ಮನೆಗಳ ಮುಂದೆ ನಡೆಯುವಾಗ ಬೀದರಿನ ಗವಾನ್ ಮದರಸಾ ನೆನಪಾಗುತ್ತಿತ್ತು. ನಾವದರ ಅಂಗಳದಲ್ಲಿ ಆಡಿದವರು. ಮದ್ದು ಸಿಡಿದು ಒಂದು ಮಗ್ಗುಲು ಬಿದ್ದ ದಿನ ಒಳಗೆ ಯಾರಿದ್ದರೋ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ನಮಗೆ ಯುದ್ಧ ಮುಗಿಯಿತು. ಇಲ್ಲಿಯವರಿಗೆ ಮುಗಿದಂತೆ ಕಾಣುವುದಿಲ್ಲ. ನಾವು ಹೋದ ಮೇಲೆ ಯಾರ ಕೈ ಮೇಲಾಗುತ್ತದೋ ಎಂದು ನಮ್ಮ ಜೊತೆ ನಿಂತಿದ್ದ ತಮಿಳು ಕುಟುಂಬಗಳು ಹೆದರಿವೆ. ಅವರ ಮುಖ ನೋಡಿದಾಗಲೆಲ್ಲ ನಮ್ಮ ಆಯಿ ಹೇಳುತ್ತಿದ್ದ 1948ರ ಮಾತು ನೆನಪಾಗುತ್ತದೆ. ರಜಾಕಾರರ ಹೆದರಿಕೆಗೆ ಭಾಲ್ಕಿಯ ಮನೆಗೆ ಕೀಲಿ ಹಾಕಿ ನಮ್ಮವರು ಸೊಲ್ಲಾಪುರದ ಕಡೆ ಹೋದದ್ದು, ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ ಮೇಲೆ ಮರಳಿದ್ದು ನಿನಗೂ ಗೊತ್ತು. ನಮ್ಮವರು ಮರಳುವ ಹೊತ್ತಿಗೆ ಎದುರುಮನೆಗೆ ಕೀಲಿ ಬಿದ್ದಿತ್ತು. ಯಾರದೋ ಪಾಪದ ಸೇಡು ನಮ್ಮ ಜಿಲ್ಲೆಯ ಅಮಾಯಕ ಮುಸ್ಲಿಮರ ಮೇಲೆ ತಿರುಗಿ, ಅವರೂ ಊರು ಬಿಟ್ಟಿದ್ದರು. ತಿಂಗಳುಗಟ್ಟಲೆ ಕಳೆದು ಅವರು ಅಂಜುತ್ತ ಬಂದಾಗ ಆಯಿ ರೊಟ್ಟಿ ಕಟ್ಟಿಕೊಂಡು ತಾನೇ ಹೋಗಿ ಕರೆದಳು. "ಕೀಲಿ ತೆಗೆದರ ಮನಿ ಸಿಗತದ, ಮಂದಿ ಬಂದು ಕರದರ ಊರು ಸಿಗತದ" ಅನ್ನುತ್ತಿದ್ದಳು. ಆಗ ಅದು ಕಥೆಯಾಗಿತ್ತು. ಮನೆಗೆ ಹೋಗಲು ಕಾಯುತ್ತ ಕೂತ ಈಗ ಅದೇ ನನಗೆ ದೊಡ್ಡ ಮಾತಾಗಿದೆ.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಔರಾದ ತಾಲ್ಲೂಕಿನ ನನ್ನ ಗೆಳೆಯನ ವಿಷಯ ಹಿಂದೆಯೇ ಬರೆದಿದ್ದೆ. ಅವನು ಬರುವುದಿಲ್ಲ. ಪಡೆ ವಾಪಸಾಗುವ ಸುದ್ದಿ ರೇಡಿಯೋದಲ್ಲಿ ಕೇಳಿ ಅವನ ತಾಯಿ ಹೇಗಿದ್ದಾಳೋ! ಯುಗಾದಿಯ ದಿನ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೀನು ಅಪ್ಪನನ್ನು ಕರೆದುಕೊಂಡು ಹೋಗು. ಹಬ್ಬದ ಅಡಿಗೆ ಒಯ್ಯಿ. ಪಿಂಚಣಿ, ಕಾಗದಪತ್ರದ ಮಾತು ತೆಗೆಯಬೇಡ, ಅವರೇ ಕೇಳಿದರೆ ಬರೆದುಕೊಡು. ಅವನ ಬಗ್ಗೆ ಮಾತಾಡಲಿ, ಕೂತು ಕೇಳು.

ಬೀದರಿನಲ್ಲಿ ಇಳಿದವನು ನಾನು ಮೊದಲು ಔರಾದದ ಬಸ್ಸು ಹತ್ತುತ್ತೇನೆ, ಮರುದಿನ ಭಾಲ್ಕಿಗೆ. ತನಗಿಂತ ಮೊದಲು ಅಲ್ಲಿಗೆ ಹೋದೆನೆಂದು ಅವ್ವ ಬೇಸರ ಮಾಡಿಕೊಳ್ಳುವುದಿಲ್ಲ. ಆಯಿಯ ಸೊಸೆ ಅವಳು, ಅವಳಿಗೆ ತಿಳಿಯುತ್ತದೆ.

ಇಂತಿ,
ನಿನ್ನ ಅಣ್ಣ