ಎಷ್ಟು ವ್ಯೂಸ್?

ಮದುವೆಯೂಟದ ಪಂಕ್ತಿಯಲ್ಲಿ ಪಕ್ಕದ ಹುಡುಗ ತಾನೊಂದು ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತೇನೆ ಅಂದ. ಎದುರಿಗೆ ಕೂತಿದ್ದ ಹಿರಿಯರು ಒಡನೆಯೇ ಕೇಳಿದರು: “ಎಷ್ಟು ವ್ಯೂಸ್ ಬಂದಿದೆಯಪ್ಪಾ?” ಎಂಥ ಹಾಡು, ಯಾರು ಬರೆಯುತ್ತಾರೆ, ಎಲ್ಲಿ ಅಭ್ಯಾಸ ಮಾಡುತ್ತೀರಿ, ಊಹೂಂ, ಒಂದನ್ನೂ ಕೇಳಲಿಲ್ಲ. ಹುಡುಗ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದರಲ್ಲಿ ಮಗ್ನನಾದ. ಆ ಪ್ರಶ್ನೆ ಮಾತ್ರ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ನನ್ನ ಹಲ್ಲಿಗೆ ತಗುಲಿತು.

ನನಗೆ ನೆನಪಾದದ್ದು ಆರ್.ಇ.ಎಂ. ಎಂಬ ರಾಕ್ ಬ್ಯಾಂಡು. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್, ವಿಶ್ವವಿದ್ಯಾಲಯವನ್ನೇ ನೆಚ್ಚಿಕೊಂಡ ಊರು. ಅಲ್ಲಿನ ರೆಕಾರ್ಡ್ ಅಂಗಡಿಯೊಂದರಲ್ಲಿ ಪೀಟರ್ ಬಕ್ ಕೆಲಸಕ್ಕಿದ್ದ, ಮೈಕೆಲ್ ಸ್ಟೈಪ್ ಗಿರಾಕಿ. ಬಕ್ ತನಗೆಂದು ಎತ್ತಿಟ್ಟುಕೊಂಡ ರೆಕಾರ್ಡುಗಳನ್ನೇ ಸ್ಟೈಪ್ ಕೊಳ್ಳಲು ಬರುತ್ತಿದ್ದ. ಮೈಕ್ ಮಿಲ್ಸ್, ಬಿಲ್ ಬೆರಿ ಜೊತೆಗೂಡಿದರು. 1980ರ ಏಪ್ರಿಲ್ 5ರಂದು, ಪ್ರಾರ್ಥನೆ ನಿಂತುಹೋಗಿದ್ದ ಹಳೇ ಚರ್ಚಿನಲ್ಲಿ, ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ನಾಲ್ವರೂ ಮೊದಲ ಸಲ ನುಡಿಸಿದರು. ಮರುವರ್ಷ ಸಣ್ಣ ಕಂಪನಿಯೊಂದು ಅವರ ‘ರೇಡಿಯೊ ಫ್ರೀ ಯುರೋಪ್’ ಹೊರತಂದಿತು. ಮೊದಲು ಒತ್ತಿಸಿದ್ದು 1,000 ಪ್ರತಿ, ಅದರಲ್ಲೂ 600 ಪ್ರಚಾರಕ್ಕೆ ಪುಕ್ಕಟೆ.

ಇಂಥ ರೆಕಾರ್ಡುಗಳಿಗೆ ನೆಲೆ ಕೊಟ್ಟದ್ದು ಕಾಲೇಜು ರೇಡಿಯೊ. ಅಮೆರಿಕದ ಎಫ್‌ಎಂನಲ್ಲಿ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗ ವ್ಯಾಪಾರಕ್ಕಲ್ಲದ, ಶೈಕ್ಷಣಿಕ ಕೇಂದ್ರಗಳಿಗೆ ಮೀಸಲು. ರೇಡಿಯೊದ ಮುಳ್ಳನ್ನು ತೀರಾ ಎಡಕ್ಕೆ ತಿರುಗಿಸಿದರೆ ಸಿಗುವವರು ಇವರೇ. ಜಾಹೀರಾತುದಾರರ ಹಂಗಿಲ್ಲ. ರಾತ್ರಿ ಪಾಳಿಗೆ ಕೂತ ವಿದ್ಯಾರ್ಥಿ ಹಿಡಿಸಿದ್ದನ್ನು ಹಾಕುತ್ತಾನೆ, ಬಹಳ ಹಿಡಿಸಿದರೆ ನಾಳೆಯೂ ಹಾಕುತ್ತಾನೆ. ಎಷ್ಟೋ ಕೇಂದ್ರಗಳ ಪ್ರಸಾರ ಊರ ಗಡಿ ದಾಟುವುದೇ ಕಷ್ಟ. ಆದರೆ ಆ ನಾಲ್ಕಾರು ಮೈಲಿಯೊಳಗೆ ಕೇಳುವವರು ಕಿವಿಗೊಟ್ಟು ಕೇಳುವವರು. ಮರುದಿನ ಗೆಳೆಯರಿಗೆ ಹೇಳುವವರು, ಕ್ಯಾಸೆಟ್ಟಿಗೆ ತುಂಬಿಕೊಡುವವರು. ಮುಂದೆ ಪರ್ಯಾಯ ರಾಕ್ ಎನಿಸಿಕೊಂಡದ್ದನ್ನು ಜನ ಆಗ ಕಾಲೇಜ್ ರಾಕ್ ಎಂದೇ ಕರೆಯುತ್ತಿದ್ದರು. ಬೆಳಗಾದರೆ ಪರೀಕ್ಷೆಯಿದ್ದರೂ ಯಾವುದೋ ಊರಿನ ಅಪರಿಚಿತರ ಹಾಡಿಗಾಗಿ ನಿದ್ದೆಗೆಟ್ಟ ಆ ಹುಡುಗ ಹುಡುಗಿಯರ ಮೇಲೆ ನನಗೆ ಬ್ಯಾಂಡಿನ ಮೇಲಿರುವಷ್ಟೇ ಪ್ರೀತಿ. ಹೆಸರು ಮಾಡಿಕೊಟ್ಟವರು ಅವರು.

ಬ್ಯಾಂಡಿನವರೇನು ಸುಮ್ಮನೆ ಕೂತಿರಲಿಲ್ಲ. ಹಳೇ ವ್ಯಾನಿನಲ್ಲಿ ದಕ್ಷಿಣದ ಊರೂರು ಸುತ್ತಿದರು. ಊಟಕ್ಕೆ ಒಬ್ಬೊಬ್ಬರಿಗೆ ದಿನಕ್ಕೆ 2 ಡಾಲರ್. 1983ರಲ್ಲಿ ಮೊದಲ ಪೂರ್ಣ ಆಲ್ಬಮ್ ‘ಮರ್ಮರ್’ ಬಂತು. ಹಾಡಿನ ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ, ಸ್ಟೈಪ್ ಗೊಣಗಿಕೊಂಡೇ ಹಾಡುತ್ತಾನೆ. ಆದರೂ ‘ರೋಲಿಂಗ್ ಸ್ಟೋನ್’ ವಿಮರ್ಶಕರು ಆ ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಆರಿಸಿದ್ದು ಅದನ್ನೇ. ಹಿಂದೆ ಬಿದ್ದದ್ದು ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’! ವರ್ಷಾಂತ್ಯಕ್ಕೆ ಮಾರಾಟವಾದದ್ದು ಮಾತ್ರ ಸುಮಾರು 2 ಲಕ್ಷ. ಹತ್ತು ಲಕ್ಷ ದಾಟಿದ ಮೊದಲ ಆಲ್ಬಮ್ 1987ರ ‘ಡಾಕ್ಯುಮೆಂಟ್’. ಅಷ್ಟು ಹೊತ್ತಿಗೆ ಚರ್ಚಿನ ಆ ರಾತ್ರಿ ಕಳೆದು ಏಳು ವರ್ಷ.

ಆ ಏಳು ವರ್ಷ ಅವರಿಗೆ ಸಿಕ್ಕಿದ್ದು, ಸಣ್ಣ ಸಣ್ಣ ಊರುಗಳಲ್ಲಿ ಜನ ಎದ್ದು ಬಂದು ಎದುರಿಗೆ ನಿಂತು ಕೇಳಿದ್ದರಿಂದ. ನಿಮ್ಮೂರಿನಲ್ಲಿ ಈ ಶನಿವಾರ ಯಾವುದಾದರೂ ಹೊಸ ಬ್ಯಾಂಡು ನುಡಿಸುತ್ತಿದ್ದರೆ ಹೋಗಿ. ಪಾಸ್ ಕೇಳಬೇಡಿ, ಟಿಕೆಟ್ ಕೊಂಡೇ ಹೋಗಿ.